ಗೋಡೆ ಒಡೆಸುವ ಮುನ್ನ



ನಾನು ಎಂಜಿನಿಯರ್ ಅಲ್ಲ, ಲೆಕ್ಕಪರಿಶೋಧಕ. ಆದರೂ ಮನೆ ಮಾರುವ ಹೊತ್ತಿಗೆ ಗೋಡೆಯ ಪ್ರಶ್ನೆ ನನ್ನ ಮೇಜಿಗೂ ಬರುತ್ತದೆ. ಹ್ಯಾರೋ, ಹೌನ್ಸ್ಲೋಗಳ 1930ರ ದಶಕದ ಜೋಡಿಮನೆ ಕೊಂಡವರು ಮೊದಲು ಯೋಚಿಸುವುದು ಅಡುಗೆಮನೆಯ ಗೋಡೆ ತೆಗೆಸುವುದನ್ನು. ಆ ಗೋಡೆ ಮಹಡಿಯ ಭಾರ ಹೊತ್ತಿದ್ದರೆ ಅಲ್ಲಿ ಉಕ್ಕಿನ ತೊಲೆ ಬೇಕು. ತೊಲೆಗೆ ಸ್ಟ್ರಕ್ಚರಲ್ ಎಂಜಿನಿಯರರ ಲೆಕ್ಕಾಚಾರ ಬೇಕು.

ಇಲ್ಲಿ ಮೂರು ವಿಷಯಗಳನ್ನು ಬೇರೆಬೇರೆಯಾಗಿ ನೋಡಿ. ಪ್ಲಾನಿಂಗ್ ಅನುಮತಿ ಮುಖ್ಯವಾಗಿ ಹೊರರೂಪ ಮತ್ತು ಬಳಕೆಗೆ. ಬಿಲ್ಡಿಂಗ್ ರೆಗ್ಯುಲೇಷನ್ಸ್ ಸುರಕ್ಷತೆಗೆ: ಭಾಗ ‘ಎ’ ಕಟ್ಟಡದ ಬಲ, ಭಾಗ ‘ಬಿ’ ಬೆಂಕಿ. ತೊಲೆಯ ತುದಿ ನೆರೆಮನೆಯ ಜಂಟಿಗೋಡೆಯೊಳಗೆ ಹೋಗುವುದಾದರೆ, 1996ರ ಪಾರ್ಟಿ ವಾಲ್ ಕಾಯ್ದೆಯಂತೆ 2 ತಿಂಗಳ ಮೊದಲೇ ನೋಟಿಸ್. ಪ್ಲಾನಿಂಗ್ ಬೇಡವೆಂದಾಕ್ಷಣ ಉಳಿದೆರಡೂ ಬೇಡವೆಂದಲ್ಲ.

ಕೆಲಸ ಮುಗಿದ ಮೇಲೆ ಕಂಪ್ಲೀಷನ್ ಸರ್ಟಿಫಿಕೇಟ್ ಪಡೆಯಿರಿ. ಅದು ಕೈಸೇರಿದ ಮೇಲೆಯೇ ಕೊನೆಯ ಕಂತು ಎಂದು ಬಿಲ್ಡರ್ ಜೊತೆಗಿನ ಕರಾರಿನಲ್ಲಿ ಮೊದಲೇ ಬರೆಸಿ.

ಹಳೆಯ ಕೆಲಸಕ್ಕೆ ಕಾಗದವಿಲ್ಲವೇ? 1985ರ ನವೆಂಬರ್ 11ರ ನಂತರದ್ದಾದರೆ ಕೌನ್ಸಿಲ್‌ಗೆ ರೆಗ್ಯುಲರೈಸೇಷನ್ ಅರ್ಜಿ ಹಾಕಬಹುದು. ತೊಲೆ ನೋಡಲು ಪ್ಲಾಸ್ಟರ್ ಕೀಳಿಸಬೇಕಾದೀತು. ಇಂಡೆಮ್ನಿಟಿ ವಿಮೆ ಅದಕ್ಕಿಂತ ಅಗ್ಗ. ಆದರೆ ವಿಮೆ ಹಣದ ನಷ್ಟ ತುಂಬಿಕೊಡಬಹುದೇ ಹೊರತು, ತೊಲೆ ಗಟ್ಟಿಯಿದೆ ಎಂದು ಹೇಳುವುದಿಲ್ಲ. ಆ ತೊಲೆಯ ಕೆಳಗೆ ಮಕ್ಕಳು ಊಟಕ್ಕೆ ಕೂರುತ್ತಾರೆ.

2022ರ ಬಿಲ್ಡಿಂಗ್ ಸೇಫ್ಟಿ ಕಾಯ್ದೆ ಇನ್ನೊಂದು ಬದಲಾವಣೆ ತಂದಿತು. ನಿಯಮ ಮೀರಿದ ಕೆಲಸವನ್ನು ಸರಿಪಡಿಸಿ ಎಂದು ಕೌನ್ಸಿಲ್ ನೋಟಿಸ್ ಕೊಡುವ ಅವಧಿ, 2023ರ ಅಕ್ಟೋಬರ್‌ನಿಂದ, 1 ವರ್ಷದ ಬದಲು 10 ವರ್ಷ. ಕಾಗದಗಳನ್ನು ಕನಿಷ್ಠ ಅಷ್ಟು ಕಾಲ ಜೋಪಾನವಾಗಿಡಿ.