ಮನೋರೋಗಿಗಳ ಶುಶ್ರೂಷೆ: ತಿಳಿವು ಮತ್ತು ವಿವೇಚನೆ

ಮನೋರೋಗ ಚಿಕಿತ್ಸೆಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ವೈದ್ಯರ ಹೆಸರುಗಳಿಂದ ಆರಂಭಿಸಿ ವೈದ್ಯರ ಹೆಸರುಗಳಲ್ಲಿಯೇ ಮುಗಿಸಿದ್ದಾರೆ. ಹಗಲಿರುಳು ರೋಗಿಯ ಬಳಿಯಿದ್ದು ಅವನ ಚರ್ಯೆಯಲ್ಲಾಗುವ ವ್ಯತ್ಯಾಸವನ್ನು ಮೊದಲು ಕಾಣುತ್ತಿದ್ದವರಾದರೋ ಪರಿಚಾರಕರು. ಅವರಿಗೆ ತಿಳಿದಿರಬೇಕಾದುದೇನು, ತಿಳಿದುದನ್ನು ಯಾವ ಗಳಿಗೆಯಲ್ಲಿ ಹೇಗೆ ಪ್ರಯೋಗಿಸಬೇಕು ಎಂಬ ಎರಡು ಪ್ರಶ್ನೆಗಳು ಒಂದೇ ಕಾಲದಲ್ಲಿ ಹುಟ್ಟಲಿಲ್ಲ. ವಿವೇಚನೆಯ ಪ್ರಶ್ನೆ ಮೊದಲು ಎದುರಾಯಿತು. ಪಠ್ಯಪುಸ್ತಕವು ಬಂದುದು ಅರ್ಧ ಶತಮಾನದಷ್ಟು ತಡವಾಗಿ.

ಇಂಗ್ಲೆಂಡಿನ ಲಿಂಕನ್ ನಗರದ ಆಶ್ರಯಾಲಯದಲ್ಲಿ 1829ರಲ್ಲಿ ರೋಗಿಯೊಬ್ಬನನ್ನು ಬಿಗಿಯಂಗಿ ತೊಡಿಸಿ ರಾತ್ರಿ ಹಾಸಿಗೆಗೆ ಕಟ್ಟಿದ್ದರು. ಅವನು ಆ ಸ್ಥಿತಿಯಲ್ಲಿಯೇ ಮೃತನಾದನು. ಕಟ್ಟಲ್ಪಟ್ಟ ರೋಗಿಯ ಬಳಿ ರಾತ್ರಿಯಿಡೀ ಒಬ್ಬ ಪರಿಚಾರಕನು ಇರತಕ್ಕದ್ದೆಂದು ಆಡಳಿತದವರು ಆಗ ನಿಯಮ ಮಾಡಿದರು. ಪಕ್ಕದಲ್ಲಿ ಒಬ್ಬನು ಎಚ್ಚರವಾಗಿ ಕುಳಿತಿರಬೇಕಾದ ಮೇಲೆ ಕಟ್ಟುವ ಅವಶ್ಯಕತೆಯೇ ಕಡಮೆಯಾಗತೊಡಗಿತು. ರಾಬರ್ಟ್ ಗಾರ್ಡಿನರ್ ಹಿಲ್ 1838ರ ಹೊತ್ತಿಗೆ ಅಲ್ಲಿ ಬಂಧನವನ್ನು ಪೂರ್ಣವಾಗಿ ಕೈಬಿಟ್ಟರು. ಮರುವರ್ಷ ಜಾನ್ ಕಾನಲಿ ಅದನ್ನೇ ಲಂಡನ್ನಿಗೆ ಸಮೀಪದ ಹ್ಯಾನ್‌ವೆಲ್‌ನಲ್ಲಿ, ಸುಮಾರು 800 ರೋಗಿಗಳಿದ್ದ ಬೃಹತ್ ಆಶ್ರಯಾಲಯದಲ್ಲಿ, ಸಾಧಿಸಿ ತೋರಿಸಿದರು.

ಈ ಸುಧಾರಣೆಯನ್ನು ಕೇವಲ ಕರುಣೆಯ ವಿಜಯವೆಂದು ವರ್ಣಿಸುವುದು ವಾಡಿಕೆ. ಆದರೆ ಅದರಿಂದ ಪರಿಚಾರಕನ ಕೆಲಸದ ಸ್ವರೂಪವೇ ಬದಲಾಯಿತೆಂಬುದನ್ನು ಗಮನಿಸಬೇಕು. ಕಟ್ಟಿಹಾಕಿದವನ ವಿಷಯದಲ್ಲಿ ಯೋಚಿಸತಕ್ಕದ್ದು ಹೆಚ್ಚೇನಿಲ್ಲ. ಬಿಚ್ಚಿಬಿಟ್ಟವನು ಕೈಯೆತ್ತಿದಾಗ ಅದು ಭೀತಿಯೋ, ಕ್ರೋಧವೋ, ಜ್ವರದ ಭ್ರಮೆಯೋ ಎಂಬುದನ್ನು ಎದುರಿಗಿರುವವನು ಕ್ಷಣದಲ್ಲಿ ನಿರ್ಣಯಿಸಬೇಕು.

ಆ ನಿರ್ಣಯಕ್ಕೆ ಆಧಾರವಾಗಬಲ್ಲ ತಿಳಿವನ್ನು ಒದಗಿಸಲು ಸ್ಕಾಟ್ಲೆಂಡಿನ ಕೆಲವು ವೈದ್ಯರು 1885ರಲ್ಲಿ ಒಂದು ಕೈಪಿಡಿಯನ್ನು ಸಿದ್ಧಪಡಿಸಿದರು. ಕೆಂಪು ರಟ್ಟಿನ ಈ ಚಿಕ್ಕ ಹೊತ್ತಗೆ ತರುವಾಯ 'ಕೆಂಪು ಕೈಪಿಡಿ' ಎಂದೇ ಪ್ರಸಿದ್ಧವಾಯಿತು. 1891ರಲ್ಲಿ ಪರಿಚಾರಕರಿಗೆ ಅರ್ಹತಾ ಪರೀಕ್ಷೆಯೂ ಆರಂಭವಾಯಿತು. ಅದರಲ್ಲಿ ಶರೀರರಚನೆಯ ವಿಷಯ ಸೇರಿದ್ದುದನ್ನು ಕಂಡು ಹಲವರು ಮೂಗು ಮುರಿದರು: ನರಗಳ ಹೆಸರನ್ನು ಬಾಯಿಪಾಠ ಮಾಡಿದವನು ರೋಗಿಯನ್ನು ಚೆನ್ನಾಗಿ ನೋಡಿಕೊಳ್ಳುವನೆಂದು ಯಾರು ಹೇಳಿದರು? ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಶರೀರದ ತಿಳಿವಿಲ್ಲದ ವಿವೇಚನೆ ಕುರುಡಾಗುವುದೆಂದೇ ನನ್ನ ಅಭಿಪ್ರಾಯ. ಇಂದಿನ ಎರಡು ನಿದರ್ಶನಗಳನ್ನು ನೋಡಬಹುದು.

ಮದ್ಯವ್ಯಸನಿಯೊಬ್ಬನು ಬೇರಾವುದೋ ಕಾರಣಕ್ಕಾಗಿ ಆಸ್ಪತ್ರೆ ಸೇರಿದ್ದಾನೆ. ಎರಡು ಮೂರು ದಿನಗಳಾದ ಮೇಲೆ ಅವನ ಕೈ ನಡುಗುತ್ತದೆ, ಮೈ ಬೆವರುತ್ತದೆ, ಗೋಡೆಯ ಮೇಲೆ ಹುಳುಗಳು ಹರಿದಾಡುತ್ತಿವೆ ಎನ್ನುತ್ತಾನೆ. ಹುಚ್ಚು ಹಿಡಿಯಿತೆಂದು ಬಾಗಿಲು ಹಾಕಿದರೆ ಅವನು ಸಾಯಲೂಬಹುದು; ಇದು ಮದ್ಯ ನಿಂತುದರಿಂದ ಉಂಟಾದ ಸನ್ನಿ, ತುರ್ತು ಚಿಕಿತ್ಸೆಯಾಗತಕ್ಕದ್ದು. ಕೊನೆಯ ಸಲ ಕುಡಿದುದು ಎಂದು ಎಂಬ ಒಂದು ಪ್ರಶ್ನೆಯಿಂದ ದಾದಿಯು ಇದನ್ನು ಶಂಕಿಸಬಲ್ಲಳು.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಕ್ಲೋರ್‌ಪ್ರೊಮಜೀನ್ 1952ರಲ್ಲಿ ಮನೋರೋಗ ಚಿಕಿತ್ಸೆಗೆ ಬಂದಿತು. ಈ ಬಗೆಯ ಔಷಧಗಳನ್ನು ಸೇವಿಸಿದ ಕೆಲವರಿಗೆ ಕುಳಿತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ ಹುಟ್ಟುತ್ತದೆ. ನೋಡುವವರಿಗೆ ಅದು ಮೂಲರೋಗದ ಉಲ್ಬಣದಂತೆಯೇ ತೋರುತ್ತದೆ. ಹಾಗೆಂದು ತಿಳಿದು ಔಷಧವನ್ನು ಏರಿಸಿದರೆ ಚಡಪಡಿಕೆಯೂ ಏರುತ್ತದೆ. ಇಂತಹ ಅಡ್ಡಪರಿಣಾಮ ಉಂಟೆಂಬುದನ್ನು ಪುಸ್ತಕವು ಕಲಿಸೀತು. ಈ ರೋಗಿಯ ಇಂದಿನ ಅಲೆದಾಟ ನಿನ್ನೆಯ ಅಲೆದಾಟದಂತಲ್ಲವೆಂದು ಗುರುತಿಸುವುದು, 'ಒಳಗೆ ಏನಾಗುತ್ತಿದೆಯಪ್ಪಾ?' ಎಂದು ಕೇಳಿ ಉತ್ತರಕ್ಕಾಗಿ ಕಾಯುವುದು, ಔಷಧ ಕೊಟ್ಟ ಸಮಯದೊಡನೆ ಅದನ್ನು ಹೋಲಿಸಿ ವೈದ್ಯರಿಗೆ ತಿಳಿಸುವುದು, ಇವು ದಾದಿಯ ಪಾಲಿಗೆ ಬಿಟ್ಟ ಕೆಲಸ.

ಅದೇ 1952ರಲ್ಲಿ ಹಿಲ್ಡೆಗಾರ್ಡ್ ಪೆಪ್ಲೋ ಎಂಬ ಅಮೆರಿಕದ ದಾದಿಯ ಗ್ರಂಥವೂ ಪ್ರಕಟವಾಯಿತೆಂಬುದು ಚರಿತ್ರಕಾರನಿಗೆ ಸ್ವಾರಸ್ಯದ ಸಂಗತಿ. ದಾದಿ ಮತ್ತು ರೋಗಿಗಳ ನಡುವಣ ಸಂಬಂಧವೇ ಚಿಕಿತ್ಸೆಯ ಸಾಧನವೆಂದು ಆಕೆ ವಾದಿಸಿದರು. ಗ್ರಂಥವು ಕೆಲವು ವರ್ಷ ಮೊದಲೇ ಸಿದ್ಧವಾಗಿದ್ದರೂ ವೈದ್ಯರೊಬ್ಬರ ಹೆಸರು ಸಹಲೇಖಕರಾಗಿ ಇಲ್ಲವೆಂದು ಪ್ರಕಟಣೆ ತಡವಾಯಿತಂತೆ. ದಾದಿಗೂ ಸ್ವಂತ ಶಾಸ್ತ್ರವುಂಟೆಂಬುದನ್ನು ಒಪ್ಪುವುದು ಅಂದಿನವರಿಗೆ ಅಷ್ಟು ಕಷ್ಟವಾಗಿತ್ತು.

ನಮ್ಮ ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು. ಅದು ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆಗೆ ಹೊಂದಿಕೊಂಡಿದ್ದಿತು. ಆರಂಭದ ವರ್ಷಗಳಲ್ಲಿಯೇ ಮನೋರೋಗ ಶುಶ್ರೂಷೆಯ ಶಿಕ್ಷಣವೂ ಅಲ್ಲಿ ಸೇರಿಕೊಂಡಿತು. ಸಂಸ್ಥೆ ಮತ್ತು ಆಸ್ಪತ್ರೆಗಳೆರಡೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಎನಿಸಿದವು.

ಇಷ್ಟೆಲ್ಲ ಆದರೂ ಸರಪಳಿಯ ಕಥೆ ಮುಗಿಯಲಿಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿಯಿಂದ ಬಂಧಿತರಾಗಿದ್ದ ಕಾರಣ ಓಡಲಾರದೆ 25ಕ್ಕೂ ಹೆಚ್ಚು ಮನೋರೋಗಿಗಳು ಸುಟ್ಟು ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಏಕಾಂತ ಬಂಧನವನ್ನು ನಿಷೇಧಿಸಿದೆ. ಸನ್ನಿಹಿತವಾದ ಅಪಾಯವನ್ನು ತಪ್ಪಿಸಲು ಬೇರೆ ಮಾರ್ಗವೇ ಇಲ್ಲದಾಗ, ಮನೋವೈದ್ಯರ ಅನುಮತಿಯೊಡನೆ ಮಾತ್ರ ದೈಹಿಕ ನಿರ್ಬಂಧವನ್ನು ಬಳಸಬಹುದು. ಅದರ ಕಾರಣವನ್ನೂ ಅವಧಿಯನ್ನೂ ದಾಖಲಿಸಬೇಕು. ಸಿಬ್ಬಂದಿ ಸಾಲದೆಂಬ ಕಾರಣದಿಂದ ಯಾರನ್ನೂ ಕಟ್ಟತಕ್ಕದ್ದಲ್ಲವೆಂಬುದೂ ಅದೇ ಕಾನೂನಿನಲ್ಲಿದೆ. ಲಿಂಕನ್ನಿನಲ್ಲಿ ಹಾಸಿಗೆಯ ಪಕ್ಕಕ್ಕೆ ಒಬ್ಬ ಪರಿಚಾರಕನನ್ನು ಕೂರಿಸಿದಾಗ ಕಂಡುಕೊಂಡುದೂ ಇದನ್ನೇ.