ನಿಮಗಿದು ಗೊತ್ತೆ? ಮುಳುಗಿದ್ದರಿಂದಲೇ ಉಳಿದ ಹಡಗು

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ಗೆ ಹೋದ ಪ್ರವಾಸಿಗರು ಮುಗಿಬಿದ್ದು ನೋಡುವುದು ಯುದ್ಧವನ್ನೇ ಕಾಣದ ಒಂದು ಯುದ್ಧನೌಕೆಯನ್ನು! ದೊರೆ ಗುಸ್ತಾವ್ ಅಡಾಲ್ಫ್ ಆಸೆಪಟ್ಟು ಕಟ್ಟಿಸಿದ, 64 ಫಿರಂಗಿಗಳ ‘ವಾಸಾ’ 1628ರ ಆಗಸ್ಟ್ 10ರಂದು ಹೊರಟು ಸುಮಾರು 1,300 ಮೀಟರ್ ಸಾಗುವಷ್ಟರಲ್ಲೇ ಗಾಳಿಗೆ ವಾಲಿ ಮುಳುಗಿತು. ಮೇಲ್ಭಾಗದ ಭಾರ ಅತಿಯಾಗಿತ್ತು. ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ವಿಚಾರಣೆಯೇನೋ ನಡೆಯಿತು, ಶಿಕ್ಷೆ ಮಾತ್ರ ಯಾರಿಗೂ ಆಗಲಿಲ್ಲ. ಹಡಗಿನ ಅಳತೆಗೆ ಒಪ್ಪಿಗೆ ಕೊಟ್ಟವನು ದೊರೆಯೇ ಅಲ್ಲವೆ!

ಅದೇ ಹಡಗು 1961ರಲ್ಲಿ, ಅಂದರೆ 333 ವರ್ಷಗಳ ಬಳಿಕ, ಹೆಚ್ಚುಕಡಿಮೆ ಇಡಿಯಾಗಿಯೇ ಮೇಲೆ ಬಂತು. ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ಕಡಿಮೆ. ಮರ ಕೊರೆಯುವ ಹಡಗುಹುಳು ಅಲ್ಲಿ ಬದುಕದು. ಮರ ಒಣಗಿ ಬಿರುಕು ಬಿಡದಂತೆ 17 ವರ್ಷ ಅದಕ್ಕೆ ರಾಸಾಯನಿಕ ದ್ರಾವಣ ಸಿಂಪಡಿಸಿದರು. 1990ರಿಂದ ಅದಕ್ಕೆಂದೇ ಕಟ್ಟಿದ ಮ್ಯೂಸಿಯಂನಲ್ಲಿ ನಿಂತಿದೆ.

ಅಲ್ಲಿಂದ ಹಳೆಪೇಟೆ ‘ಗಾಮ್ಲಾ ಸ್ತಾನ್’ ಕಡೆಗೆ ದೋಣಿಯಲ್ಲೇ ಹೋಗಬಹುದು. ಅಲ್ಲೊಂದು ಮೆಟ್ಟಿಲೋಣಿ, ಹೆಸರು ಮೋರ್ಟನ್ ಟ್ರೋಟ್ಸಿಗ್. ಮೆಟ್ಟಿಲು 36, ತೀರಾ ಕಿರಿದಾದ ಕಡೆ ಅಗಲ ಬರೀ 90 ಸೆಂಟಿಮೀಟರ್. ಎದುರಿಗೆ ಯಾರಾದರೂ ಬಂದರೆ ಒಬ್ಬರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕು.