ಔಷಧ ಒಗ್ಗದವರು ಅಂಗಡಿಯಲ್ಲಿ ಹೇಳಬೇಕಾದುದು

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಔಷಧದಂಗಡಿಯಲ್ಲಿ ನೀವು “ನನಗೆ ಪೆನಿಸಿಲಿನ್ ಒಗ್ಗದು” ಎಂದಾಗ, ಔಷಧ ವಿತರಕರು ಆ ಒಂದೇ ಹೆಸರನ್ನು ಬಿಟ್ಟರೆ ಸಾಲದು. ಅಮಾಕ್ಸಿಸಿಲಿನ್, ಆಂಪಿಸಿಲಿನ್‌ಗಳೂ ಅದೇ ಕುಲದವು. ಪೊಟ್ಟಣದ ಮೇಲೆ ಕಂಪನಿ ಇಟ್ಟ ಹೆಸರು ಬೇರೆಯಾದ ಮಾತ್ರಕ್ಕೆ ಒಳಗಿನ ಮದ್ದು ಬೇರೆಯಾಗದು. ಸೆಫಲೆಕ್ಸಿನ್ ಬೇರೆ ಗುಂಪಿಗೆ ಸೇರಿದ್ದರೂ ಅದರ ಅಣುವಿನ ಒಂದು ಭಾಗವು ಆಂಪಿಸಿಲಿನ್‌ನಲ್ಲಿಯೂ ಇರುವುದರಿಂದ ದೇಹವು ಎರಡನ್ನೂ ಒಂದೆಂದೇ ಬಗೆದು ಕೆರಳಬಹುದು. ಹಾಗೆಂದು ಆ ಗುಂಪಿನ ಔಷಧಗಳೆಲ್ಲವೂ ವರ್ಜ್ಯವಲ್ಲ. ಆರಿಸುವ ಕೆಲಸ ವೈದ್ಯರದು.

ನಾಟಿ ಮುಗಿಸಿ ಸೊಂಟನೋವಿಗೆಂದು ಗುಳಿಗೆ ಕೇಳುವವರೂ ಗಮನಿಸಬೇಕು: ಆಸ್ಪಿರಿನ್‌ನಿಂದ ಉಬ್ಬಸ ಕೆರಳಿದವರಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳಿಂದಲೂ ಅದೇ ಅಪಾಯವುಂಟು.

ಹೊಟ್ಟೆ ತೊಳಸುವುದು ಸಾಮಾನ್ಯವಾಗಿ ಅಲರ್ಜಿಯಲ್ಲ. ಪೆನಿಸಿಲಿನ್ ಒಗ್ಗದೆಂದು ನಂಬಿದವರನ್ನು ಕ್ರಮವಾಗಿ ಪರೀಕ್ಷಿಸಿದಾಗ 10 ಜನರಲ್ಲಿ ಸುಮಾರು 9 ಜನರಿಗೆ ಅದು ಒಗ್ಗುತ್ತದೆ. ಆದರೆ ಮನೆಯಲ್ಲಿ ನುಂಗಿ ನೋಡುವ ಸಾಹಸ ಬೇಡ. ಗುಳಿಗೆ ನುಂಗಿದೊಡನೆ ಮೈಯೆಲ್ಲ ಗಂಧೆ ಎದ್ದು, ತುಟಿ ಬಾತು, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆ ಸೇರಿರಿ. ಅಲ್ಲಿ ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಪ್ರಾಣರಕ್ಷಕ. ಯಾವ ಔಷಧ, ಏನಾಯಿತು, ಯಾವ ವರ್ಷ ಎಂಬುದನ್ನು ಚೀಟಿಯಲ್ಲಿ ಬರೆಯಿಸಿಕೊಂಡು, ಅಂಗಡಿಗೆ ಹೋದಾಗಲೆಲ್ಲ ಮೊದಲು ಅದನ್ನೇ ತೋರಿಸಿರಿ.